ನೈರೋಬಿಗೆ ಕ್ಯಾಮೆರಾ ಹಿಡಿದು ಬರುವ ಕನ್ನಡದ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯವನು. ನೈರೋಬಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷ ದುಡಿದು ವಾಪಸ್ ಬರ್ತೀನಿ ಅಂತ ಅವ್ವನಿಗೆ ಹೇಳಿ ಬಂದಿದ್ದೆ. ಅವ್ವ ಈಗಲೂ ಫೋನಿನಲ್ಲಿ ಆ ಮಾತು ಎತ್ತುತ್ತಾಳೆ.

ನಿಮ್ಮ ವಿಡಿಯೋಗಳನ್ನು ಒಂದೂ ಬಿಡದೆ ನೋಡುತ್ತೇನೆ. ನಾನು ದಿನಾ ಓಡಾಡುವ ರಸ್ತೆಯಲ್ಲಿ ನಿಂತು ಯಾರೋ ಕನ್ನಡ ಮಾತಾಡಿದರೆ ಆಗುವ ಖುಷಿಯೇ ಬೇರೆ. ಆದರೆ ಹತ್ತು ವಿಡಿಯೋ ನೋಡಿದ ಮೇಲೆ ಹನ್ನೊಂದನೆಯದು ಹೇಗಿರುತ್ತದೆ ಅಂತ ನಾನೇ ಹೇಳಬಲ್ಲೆ. ಮೊದಲು ಏರ್‌ಪೋರ್ಟು. ಆಮೇಲೆ ಎಕ್ಸ್‌ಪ್ರೆಸ್‌ವೇ ಮೇಲೆ ಕಾರು. ಆಮೇಲೆ ನ್ಯಾಷನಲ್ ಪಾರ್ಕಿನ ಸಿಂಹ, ಅದರ ಬೆನ್ನ ಹಿಂದೆ ಎತ್ತರದ ಕಟ್ಟಡಗಳು. ಕೊನೆಗೆ ಕಿಬೆರಾ ಕೊಳೆಗೇರಿಯ ತುಕ್ಕು ಹಿಡಿದ ತಗಡಿನ ಮನೆಗಳು, ಜೊತೆಗೆ ಅಳುವ ಪಿಟೀಲು. ಅದರ ಮೇಲೊಂದು ಮಾತು: "ಪ್ಲಾನೇ ಇಲ್ಲದೆ ಬೆಳೆದುಬಿಟ್ಟ ಊರು ಗೆಳೆಯರೇ ಇದು."

ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಈ ಊರನ್ನು ಅಳತೆ ಹಿಡಿದು, ನಕ್ಷೆ ಬರೆದು ಕಟ್ಟಿದ್ದಾರೆ. ಯಾರು ಎಲ್ಲಿರಬೇಕು, ಯಾರು ಇರಲೇಬಾರದು ಅಂತ ಗೆರೆ ಎಳೆದು ಕಟ್ಟಿದ್ದಾರೆ. ನಿಮ್ಮ ಡ್ರೋನಿಗೆ ಮೇಲಿನಿಂದ ಕಾಣುವುದು ಆ ಗೆರೆಗಳೇ. ಒಂದು ಕಡೆ ಮರ, ಹುಲ್ಲು, ಹೆಂಚಿನ ಮನೆ. ರಸ್ತೆ ದಾಟಿದರೆ ತಗಡು. ಅದು ತಾನಾಗಿ ಆದದ್ದಲ್ಲ.

ನೂರಮೂವತ್ತು ವರ್ಷದ ಹಿಂದೆ ಇಲ್ಲಿ ಊರೇ ಇರಲಿಲ್ಲ. ಮಸಾಯಿ ಜನ ದನ ಮೇಯಿಸಿ ನೀರು ಕುಡಿಸುತ್ತಿದ್ದ ಜೌಗು ಬಯಲು. ಆ ನೀರಿಗೆ ಅವರ ಭಾಷೆಯಲ್ಲಿ 'ಎಂಕಾರೆ ನೈರೋಬಿ' ಅಂತ ಹೆಸರು. ಕನ್ನಡಕ್ಕೆ ಒಂದೇ ಪದ ಸಾಕು, ತಣ್ಣೀರು. 1896ರಲ್ಲಿ ಮೊಂಬಾಸಾದಿಂದ ಶುರುವಾದ ಬ್ರಿಟಿಷರ ಉಗಾಂಡಾ ರೈಲ್ವೆ 1899ರ ಮೇ ಕೊನೆಗೆ ಇಲ್ಲಿಗೆ ಮುಟ್ಟಿತು. ಮುಂದೆ ಗುಡ್ಡ ಹತ್ತಬೇಕು, ಆಮೇಲೆ ರಿಫ್ಟ್ ಕಣಿವೆಗೆ ಇಳಿಯಬೇಕು. ಅದಕ್ಕೆ ಮುಂಚೆ ಸಾಮಾನು ಪೇರಿಸಲು, ಎಂಜಿನ್ ರಿಪೇರಿ ಮಾಡಲು ಸಿಗುವ ಸಮತಟ್ಟು ಜಾಗ ಇದೇ ಕೊನೆ. ನೀರೂ ಇತ್ತು. ಅಷ್ಟೇ ಕಾರಣ. ಜನ ಬಾಳುವುದಕ್ಕೆ ಈ ಕೆಸರು ಒಳ್ಳೆಯದೇ ಅಂತ ಆಗ ಯಾರೂ ಕೇಳಲಿಲ್ಲ.

ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವನು. ಹಾಗಾಗಿ ಈ ಊರಿನ ಹಳೆಯ ನಕ್ಷೆಯ ಲೆಕ್ಕ ನನಗೆ ಕೂಡಲೇ ತಿಳಿಯಿತು. ದೊಡ್ಡ ಸಾಹೇಬರ ಬಂಗಲೆ ಎತ್ತರದಲ್ಲಿ, ಗಾಳಿ ಬೀಸುವ ಕಡೆ. ಅದಕ್ಕಿಂತ ಕೆಳಗೆ ಸಣ್ಣ ನೌಕರರ ಮನೆ. ಇನ್ನೂ ಕೆಳಗೆ, ನೀರು ನಿಲ್ಲುವ ಕಡೆ, ಕೂಲಿಗಳ ಸಾಲುಮನೆ. ಆ ಸಾಲುಮನೆಗೆ 'ಲಾಂಧಿ' ಅಂತ ನಮ್ಮ ದೇಶದ ಕೂಲಿಗಳೇ ತಂದ ಹೆಸರು. ರೈಲ್ವೆ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಲಾಂಧೀಸ್ ರೋಡ್ ಅಂತ ಬೋರ್ಡು ಈಗಲೂ ಸಿಗುತ್ತದೆ. ಹತ್ತಿರದಲ್ಲೇ ಇಂಡಿಯನ್ ಬಜಾರು. ಆಫ್ರಿಕದವರಿಗೆ ಅಂತ ಆ ಮೊದಲ ನಕ್ಷೆಯಲ್ಲಿ ಒಂದು ಚೌಕವೂ ಇರಲಿಲ್ಲ. ಅವರದೇ ನೆಲ, ನೋಡಿ.

1902ರಲ್ಲಿ ಬಜಾರಿನಲ್ಲಿ ಪ್ಲೇಗು ಕಾಣಿಸಿತು. ಬಜಾರಿಗೇ ಬೆಂಕಿ ಇಟ್ಟು ಸುಟ್ಟರು. ಈ ಜೌಗಿನಲ್ಲಿ ಊರು ಬೇಡ, ಬೇರೆ ಕಡೆ ಸಾಗಿಸಿ ಅಂತ ಡಾಕ್ಟರುಗಳು ಹೇಳಿ ನೋಡಿದರು. ರೈಲ್ವೆ ಅಷ್ಟೊತ್ತಿಗೆ ಇಲ್ಲಿ ದುಡ್ಡು ಸುರಿದಾಗಿತ್ತು. ಊರು ಇಲ್ಲೇ ಉಳಿಯಿತು. 1905ರಲ್ಲಿ ಮೊಂಬಾಸಾದಿಂದ ರಾಜಧಾನಿಯೂ ಇಲ್ಲಿಗೇ ಬಂತು.

1913ರಲ್ಲಿ ಸಿಂಪ್ಸನ್ ಅಂತ ಒಬ್ಬ ಪ್ರೊಫೆಸರ್ ಬಂದರು. ಹಿಂದೆ ಕಲ್ಕತ್ತಾದಲ್ಲಿ ಆರೋಗ್ಯಾಧಿಕಾರಿ ಆಗಿದ್ದವರು. ಊರಿನ ನೈರ್ಮಲ್ಯ ನೋಡಿ ವರದಿ ಕೊಡಿ ಅಂತ ಅವರನ್ನು ಕರೆಸಿದ್ದರು. ರೋಗ ತಡೆಯಬೇಕಾದರೆ ಬಿಳಿಯರು, ಏಷ್ಯಾದವರು, ಆಫ್ರಿಕದವರು ಬೇರೆ ಬೇರೆ ಕಡೆ ಇರಬೇಕು, ನಡುವೆ ಖಾಲಿ ಜಾಗ ಬಿಡಬೇಕು ಅಂತ ಅವರು ಬರೆದುಕೊಟ್ಟರು. ಚರಂಡಿ ಮಾಡಿ, ನೀರು ಕೊಡಿ ಅಂದರೆ ಖರ್ಚು ಜಾಸ್ತಿ. ಗೆರೆ ಎಳೆಯುವುದು ಸುಲಭ, ಅಲ್ವಾ? ಹಾಗೇ ಆಯಿತು. ಪಶ್ಚಿಮ, ಉತ್ತರದ ಎತ್ತರದ ಕೆಂಪುಮಣ್ಣಿನ ಜಾಗ ಬಿಳಿಯರಿಗೆ. ಪಾರ್ಕ್‌ಲ್ಯಾಂಡ್ಸ್‌ನ ಒಂದು ಭಾಗ, ಎನ್‌ಗಾರಾ, ಪಂಗಾನಿ, ಈಸ್ಟ್ಲಿ ಕಡೆ ನಮ್ಮವರಿಗೆ. ಪೂರ್ವದ ತಗ್ಗು ಆಫ್ರಿಕದವರಿಗೆ, ಅದೂ ಕೆಲಸ ಇರುವವರೆಗೆ ಮಾತ್ರ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಬಂದ ಹೊಸದರಲ್ಲಿ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆ ಮನೆ ಹಿಡಿದೆ. ದೇವಸ್ಥಾನ ಹತ್ತಿರ, ಕರಿಬೇವು, ತೊಗರಿಬೇಳೆ ಸಿಗುತ್ತದೆ, ಅಕ್ಕಪಕ್ಕ ನಮ್ಮ ದೇಶದವರು ಇದ್ದಾರೆ. ನನಗೆ ಬೇಕಾದ ಮನೆ ನಾನೇ ಆರಿಸಿಕೊಂಡೆ ಅಂದುಕೊಂಡಿದ್ದೆ. ಎಷ್ಟೋ ವರ್ಷ ಆದ ಮೇಲೆ ಒಂದು ಭಾನುವಾರ ಸುಮ್ನೆ ಕೂತು ಹಳೆಯ ನಕ್ಷೆ ನೋಡುತ್ತಿದ್ದೆ. ಬಿಳಿಯರ ಜಾಗಕ್ಕೆ ಒಂದು ಬಣ್ಣ, ಏಷ್ಯಾದವರ ಜಾಗಕ್ಕೆ ಒಂದು ಬಣ್ಣ. ನನ್ನ ಮನೆ ಇರುವ ರಸ್ತೆಯ ಮೇಲೆ ಬೆರಳಿಟ್ಟೆ. ಸರಿಯಾಗಿ ನಮ್ಮ ಬಣ್ಣದ ಮೇಲೇ ಬಂತು. ನನ್ನ ಹೆಂಡತಿ ಹಿಂದೆ ನಿಂತು ನೋಡಿ, "ನಮ್ಮನ್ನ ಎಲ್ಲಿ ಇಡಬೇಕು ಅಂತ ನಿಮ್ಮ ಅಜ್ಜ ಹುಟ್ಟೋ ಮುಂಚೆನೇ ಬರೆದಿಟ್ಟಾರಲ್ರೀ" ಅಂದಳು. ಅವಳು ತಮಾಷೆಗೆ ಅಂದದ್ದು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾದರೆ ಆಫ್ರಿಕದವರ ಪಾಡು? 1915ರಲ್ಲಿ ಒಂದು ಕಾನೂನು ಬಂತು. 1920ರ ಹೊತ್ತಿಗೆ ಅದು ಎಲ್ಲೆಡೆ ಜಾರಿಯಲ್ಲಿತ್ತು. ಹದಿನಾರು ದಾಟಿದ ಪ್ರತಿ ಆಫ್ರಿಕದ ಗಂಡಸು 'ಕಿಪಾಂಡೆ' ಇಟ್ಟುಕೊಳ್ಳಬೇಕು. ಹೆಸರು, ಬೆರಳಚ್ಚು, ಯಾವ ದೊರೆಯ ಹತ್ತಿರ ಕೆಲಸ, ಎಲ್ಲ ಬರೆದ ಕಾಗದ. ಅದನ್ನು ಒಂದು ಸಣ್ಣ ಲೋಹದ ಡಬ್ಬಿಯಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡು ತಿರುಗಬೇಕಿತ್ತು. ದನದ ಕೊರಳಿನ ಗಂಟೆ ಹಾಗೆ ಅಂತ ಇಲ್ಲಿನ ಹಿರಿಯರು ಈಗಲೂ ಸಿಟ್ಟಿನಿಂದ ಹೇಳುತ್ತಾರೆ. ಊರಲ್ಲಿ ದುಡಿಯಬಹುದು, ಊರಿನವನಾಗುವಂತಿಲ್ಲ. ಹೆಂಡತಿ ಮಕ್ಕಳು ಹಳ್ಳಿಯಲ್ಲೇ ಇರಲಿ ಅನ್ನುವ ಲೆಕ್ಕ. ಅದಕ್ಕೇ ಅವರಿಗೆ ಕಟ್ಟಿದ ವಸತಿ ಹೆಚ್ಚಾಗಿ ಒಂಟಿ ಗಂಡಸರು ಮಲಗುವ ಕೋಣೆ. 1920ರ ದಶಕದ ಶುರುವಿನಲ್ಲಿ ಪುಮ್ವಾನಿ ಅಂತ ಒಂದು ಜಾಗ ಗೊತ್ತುಮಾಡಿ, ಊರೊಳಗೆ ಅಲ್ಲಲ್ಲಿ ಇದ್ದ ಆಫ್ರಿಕದ ಹಳ್ಳಿಗಳನ್ನು ಕೆಡವಿ ಜನರನ್ನು ಅಲ್ಲಿಗೆ ಸಾಗಿಸಿದರು.

ಇದನ್ನು ಪ್ರಶ್ನಿಸಿದ ಹ್ಯಾರಿ ಥುಕು ಅನ್ನುವ ಯುವಕನನ್ನು 1922ರ ಮಾರ್ಚಿನಲ್ಲಿ ಹಿಡಿದು ಒಳಗೆ ಹಾಕಿದರು. ಪೊಲೀಸ್ ಠಾಣೆ ಮುಂದೆ ಸಾವಿರಾರು ಜನ ಸೇರಿದರು. ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೇರಿ ಮುತೋನಿ ನ್ಯಾಂಜಿರು ಅನ್ನುವ ಧೈರ್ಯದ ಹೆಂಗಸು ಅವರಲ್ಲಿ ಒಬ್ಬಳು. ಹತ್ತಿರದ ನಾರ್ಫೋಕ್ ಹೋಟೆಲಿನ ಜಗಲಿಯಲ್ಲಿ ಕೂತಿದ್ದ ಬಿಳಿಯರೂ ಬಂದೂಕು ಎತ್ತಿದ್ದರು ಅಂತ ಇತಿಹಾಸದಲ್ಲಿ ದಾಖಲಾಗಿದೆ. ಆ ಹೋಟೆಲು ಈಗಲೂ ಇದೆ. ನಿಮ್ಮಲ್ಲೊಬ್ಬರು ಅದೇ ಜಗಲಿಯಲ್ಲಿ ಕೂತು ಕೀನ್ಯಾ ಕಾಫಿಗೆ ಹತ್ತಕ್ಕೆ ಎಂಟು ಮಾರ್ಕ್ಸ್ ಕೊಟ್ಟಿದ್ದೀರಿ. ಕಾಫಿ ಚೆನ್ನಾಗಿಯೇ ಇರುತ್ತದೆ, ನಾನೂ ಕುಡಿದಿದ್ದೇನೆ. ಹೊರಗೆ ರಸ್ತೆಯ ಬೋರ್ಡು ತೋರಿಸಿದ್ದರೆ ಸಾಕಿತ್ತು. ಅದರ ಹೆಸರು ಹ್ಯಾರಿ ಥುಕು ರೋಡ್.

ಇನ್ನು ನಮ್ಮವರು. ರೈಲು ಹಾಕಲು ಇಂಡಿಯಾದಿಂದ ಸುಮಾರು 32,000 ಕೂಲಿಗಳನ್ನು ತಂದರು. ಜಾಸ್ತಿ ಜನ ಪಂಜಾಬಿನವರು. ಸುಮಾರು 2,500 ಜನ ಇಲ್ಲೇ ಸತ್ತರು. ಆರೇಳು ಸಾವಿರ ಜನ ಇಲ್ಲೇ ಉಳಿದರು. ಹಿಂದೆಯೇ ಗುಜರಾತಿ ವ್ಯಾಪಾರಿಗಳು ಬಂದರು. ದುಕಾ (ಅಂಗಡಿ), ಗಾರಿ (ಗಾಡಿ), ಚಪಾತಿ, ಲಾಕಿ (ಲಕ್ಷ), ಇವೆಲ್ಲ ಈಗ ಇಲ್ಲಿನ ಸ್ವಾಹಿಲಿ ಭಾಷೆಯ ಮಾತುಗಳು. ನಿಮ್ಮ ವಿಡಿಯೋಗಳಲ್ಲಿ "ಆಫ್ರಿಕಾದಲ್ಲಿ ನಮ್ಮವರ ಸಾಧನೆ" ಅಂತ ಇದನ್ನು ಹೆಮ್ಮೆಯಿಂದ ಹೇಳುತ್ತೀರಿ. ಹೆಮ್ಮೆ ಇರಲಿ. ಆದರೆ ಪೂರ್ತಿ ಹೇಳಿ. ಬಿಳಿಯರ ಬಡಾವಣೆಯಲ್ಲಿ ಜಾಗ ಕೊಡದಿದ್ದಾಗ ನಮ್ಮವರು ಕೂಗಾಡಿದರು, ಸರಿಯೇ. ನಮ್ಮ ಕೆಳಗೆ ಇನ್ನೊಂದು ಮೆಟ್ಟಿಲು ಇದ್ದಾಗ ಅದನ್ನು ನೋಡಿಯೂ ನೋಡದ ಹಾಗೆ ಇದ್ದವರೂ ನಮ್ಮವರೇ. ಬಾಡಿಗೆ ಎಣಿಸಿದವರೂ ಇದ್ದರು.

ನೋಡಿದವರೂ ಇದ್ದರು. ಮಖನ್ ಸಿಂಗ್ ಅನ್ನುವ ಪಂಜಾಬಿ, ಕಾರ್ಮಿಕ ಸಂಘ ಕಟ್ಟಿದವರು. 1950ರ ಏಪ್ರಿಲಿನಲ್ಲಿ, ಆಫ್ರಿಕದವರ ಬಡಾವಣೆಯಾದ ಕಲೋಲೆನಿಯ ಹಾಲ್‌ನಲ್ಲಿ ಎದ್ದು ನಿಂತು ಪೂರ್ವ ಆಫ್ರಿಕಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕು ಅಂದರು. ಆ ವರ್ಷವೇ ಹಿಡಿದರು, ಬಿಟ್ಟದ್ದು 1961ರಲ್ಲಿ. ಇನ್ನೊಬ್ಬರು ಪಿಯೋ ಗಾಮಾ ಪಿಂಟೋ. ಗೋವಾದ ಮನೆತನ, ಹುಟ್ಟಿದ್ದು ನೈರೋಬಿಯಲ್ಲಿ. ಓದಲು ಇಂಡಿಯಾಕ್ಕೆ ಕಳಿಸಿದಾಗ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನ ಓದಿದವರು. ನಾನು ಬಿ.ಕಾಂ. ಮಾಡಿದ್ದು ಅದೇ ಧಾರವಾಡದಲ್ಲಿ. ಎಷ್ಟು ಸಲ ಆ ಕಾಲೇಜಿನ ಗೇಟಿನ ಮುಂದೆ ಮಿರ್ಚಿ ತಿಂದಿದ್ದೇನೋ, ಈ ಹೆಸರು ಅಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಕೀನ್ಯಾಕ್ಕೆ ವಾಪಸ್ ಬಂದು ಸ್ವಾತಂತ್ರ್ಯಕ್ಕೆ ಹೋರಾಡಿ, ವರ್ಷಗಟ್ಟಲೆ ದ್ವೀಪದ ಬಂಧನದಲ್ಲಿ ಇದ್ದು, ಪಾರ್ಲಿಮೆಂಟ್ ಸದಸ್ಯರಾದರು. 1965ರ ಫೆಬ್ರವರಿ 24ರಂದು ಇದೇ ನೈರೋಬಿಯಲ್ಲಿ ಮನೆಯ ಗೇಟಿನ ಹತ್ತಿರ ಅವರಿಗೆ ಗುಂಡು ಹೊಡೆದರು. ಕಾರಿನಲ್ಲಿ ಪುಟ್ಟ ಮಗಳು ಇದ್ದಳು. ಆಗ ಅವರಿಗೆ ಇನ್ನೂ ಮೂವತ್ತೆಂಟು ತುಂಬಿರಲಿಲ್ಲ.

ಧಾರವಾಡದ ಕಡೆಯ ಒಬ್ಬರಾದರೂ ಈ ಮನುಷ್ಯನ ಮೇಲೆ ಒಂದು ವಿಡಿಯೋ ಮಾಡಿ. ಸಿಂಹಕ್ಕೆ ಬರುವಷ್ಟು ವ್ಯೂಸ್ ಬರಲಿಕ್ಕಿಲ್ಲ. ಪರವಾಗಿಲ್ಲ.

1963ರ ಡಿಸೆಂಬರ್ 12ರಂದು ಸ್ವಾತಂತ್ರ್ಯ ಬಂತು. ಓಡಾಟಕ್ಕೆ ಇದ್ದ ತಡೆ ಹೋಯಿತು. ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. 1969ರ ಜನಗಣತಿಯಲ್ಲಿ 5 ಲಕ್ಷ ಇದ್ದ ಊರು 1989ಕ್ಕೆ 13 ಲಕ್ಷ ಆಯಿತು. 2009ಕ್ಕೆ 31 ಲಕ್ಷ, 2019ಕ್ಕೆ ಸುಮಾರು 44 ಲಕ್ಷ. ಬಂದವರು ಇರುವುದೆಲ್ಲಿ? ಬಿಳಿಯರು ಬಿಟ್ಟುಹೋದ ಎಕರೆಗಟ್ಟಲೆ ಬಂಗಲೆಗಳಿಗೆ ಹೊಸ ಸಾಹೇಬರು ಬಂದು ಕೂತಾಗಿತ್ತು. ಚರ್ಮದ ಬಣ್ಣ ನೋಡುತ್ತಿದ್ದ ಗೇಟು ಈಗ ಜೇಬು ನೋಡತೊಡಗಿತು, ಅಷ್ಟೇ. ಉಳಿದದ್ದು ಹೊಳೆಯ ದಂಡೆ, ರೈಲು ಹಳಿಯ ಪಕ್ಕ, ಮತಾರೆ ಅನ್ನುವ ಕಡೆಯ ಹಳೆಯ ಕಲ್ಲುಕ್ವಾರಿ. ಊರಿನ ಅರ್ಧಕ್ಕಿಂತ ಜಾಸ್ತಿ ಜನ ಇಂಥ ಕಡೆಗಳಲ್ಲಿ ಇದ್ದಾರೆ. ಅವರಿಗೆ ಸಿಕ್ಕಿದ ನೆಲ ನೂರಕ್ಕೆ ಆರು ಪಾಲಿನ ಆಸುಪಾಸು.

ಪ್ಲಾನೇ ಇಲ್ಲ ಅನ್ನುವ ನಿಮ್ಮ ಮಾತಿನಲ್ಲಿ ಅಷ್ಟಿಷ್ಟು ನಿಜ ಇರುವುದು ಇಲ್ಲಿ. ಜನರನ್ನು ಹೊರಗಿಡಲು ಇದ್ದಷ್ಟು ಪ್ಲಾನು ಜನರನ್ನು ಒಳಗೆ ಕರೆಯಲು ಇರಲಿಲ್ಲ. 1948ರಲ್ಲಿ ಮಾಸ್ಟರ್ ಪ್ಲಾನ್ ಬಂತು, ಅದರ ಹೆಸರಲ್ಲೇ 'ವಸಾಹತು ರಾಜಧಾನಿ' ಅಂತ ಇತ್ತು. ಸ್ವಾತಂತ್ರ್ಯ ಬಂದ ಮೇಲೆ 1973ರಲ್ಲಿ ಒಂದು ಮಾಡಿದರು, 2000ನೇ ಇಸವಿವರೆಗೆ ಅಂತ. ಅದು ಬಹುಪಾಲು ಕಪಾಟಿನಲ್ಲೇ ಉಳಿಯಿತು. ಮುಂದಿನದು ಬಂದದ್ದು 2014ರಲ್ಲಿ.

ಕಿಬೆರಾ ಬಗ್ಗೆ ಒಂದು ಮಾತು. "ಆಫ್ರಿಕದಲ್ಲೇ ದೊಡ್ಡ ಸ್ಲಮ್ಮು, ಹತ್ತು ಲಕ್ಷ ಜನ" ಅಂತ ಎಲ್ಲರೂ ಹೇಳುತ್ತೀರಿ. 2009ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಸುಮಾರು 1 ಲಕ್ಷ 70 ಸಾವಿರ ಜನ. ಹತ್ತು ಲಕ್ಷ ಅಂದರೆ ವಿಡಿಯೋಗೆ ತೂಕ ಬರುತ್ತದೆ, ನನಗೂ ಗೊತ್ತು. ಆ ಜಾಗದ ನಿಜವಾದ ಕಥೆ ಅದಕ್ಕಿಂತ ಗಟ್ಟಿ. ಬ್ರಿಟಿಷರ ಸೈನ್ಯದಲ್ಲಿ ದುಡಿದ ಸುಡಾನ್ ಮೂಲದ ನ್ಯೂಬಿಯನ್ ಸಿಪಾಯಿಗಳಿಗೆ ಸರ್ಕಾರವೇ ಕೊಟ್ಟ ಕಾಡು ಅದು. 'ಕಿಬ್ರಾ' ಅಂದರೆ ಅವರ ಮಾತಿನಲ್ಲಿ ಕಾಡು. 1918ರಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಎಕರೆ ಅಂತ ಗುರುತು ಹಾಕಿದ್ದರು. ಪಟ್ಟಾ ಮಾತ್ರ ಕೊಡಲಿಲ್ಲ. ಅವರ ಮರಿಮಕ್ಕಳಿಗೆ 2017ರಲ್ಲಿ ಪಟ್ಟಾ ಸಿಕ್ಕಿತು. 288 ಎಕರೆಗೆ.

ಹೋದ ಡಿಸೆಂಬರಿನಲ್ಲಿ ನಿಮ್ಮಲ್ಲೊಬ್ಬ ಹುಡುಗ ನಮ್ಮನೆಯಲ್ಲಿ ಉಳಿದಿದ್ದ. ಒಳ್ಳೆಯ ಹುಡುಗ. "ಅಂಕಲ್, ಕಿಬೆರಾ ತೋರಿಸ್ತೀರಾ?" ಅಂದ. ಕರೆದುಕೊಂಡು ಹೋದೆ. ಹಳಿ ದಾಟಿ ಒಂದು ಓಣಿಗೆ ಇಳಿದೆವು. ಎದುರು ಬಂದವರಿಗೆ ಭುಜ ವಾರೆ ಮಾಡಿ ದಾರಿ ಬಿಡಬೇಕು, ಅಷ್ಟು ಸಣ್ಣದು. ಊರ ನಡುವಿನ ಕೆನ್ಯಾಟಾ ಅವೆನ್ಯೂ ಅಷ್ಟು ಅಗಲ ಇರುವುದು ಎತ್ತಿನ ಬಂಡಿಗಳ ಉದ್ದ ಸಾಲು ತಿರುಗಲಿ ಅಂತ, ಹಾಗೆ ಇಲ್ಲಿ ಹೇಳುತ್ತಾರೆ. ಒಂದೇ ಊರಿನಲ್ಲಿ ಎತ್ತಿಗೆ ಅಷ್ಟು ಜಾಗ, ಮನುಷ್ಯನಿಗೆ ಇಷ್ಟು. ಓಣಿಯ ತುದಿಯಲ್ಲಿ ಒಂದು ನಲ್ಲಿ. ಹಳದಿ ಕ್ಯಾನುಗಳ ಸಾಲು. ಇಪ್ಪತ್ತು ಲೀಟರಿನ ಆ ಕ್ಯಾನಿಗೆ ಇಲ್ಲಿ ಮ್ತುಂಗಿ ಅನ್ನುತ್ತಾರೆ. ಪ್ರತಿ ಕ್ಯಾನಿಗೂ ಕಾಸು ಎಣಿಸಿ ಕೊಡಬೇಕು. ಲೀಟರ್ ಲೆಕ್ಕ ಹಾಕಿದರೆ, ಪೈಪಿನಲ್ಲಿ ನೀರು ಬರುವ ನಮ್ಮ ಮನೆಯಲ್ಲಿ ನಾನು ಕೊಡುವುದಕ್ಕಿಂತ ಅವರು ಕೊಡುವುದು ಜಾಸ್ತಿ. ಲೆಕ್ಕ ಬರೆಯುವವನು ನಾನು, ಎರಡು ಸಲ ಮಾಡಿ ನೋಡಿದೆ.

ಹುಡುಗ ಕ್ಯಾಮೆರಾ ಎತ್ತಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಒಬ್ಬಳು ನೊರೆ ಕೈಯಲ್ಲೇ ಎದ್ದು ನಿಂತು "ಪಿಚಾ ಯಾ ನಿನಿ?" ಅಂದಳು. ಫೋಟೋ ಯಾತಕ್ಕೆ? ಹುಡುಗ ನನ್ನ ಮುಖ ನೋಡಿದ. ಇಷ್ಟು ವರ್ಷದಲ್ಲಿ ಸ್ವಾಹಿಲಿ ಚೆನ್ನಾಗಿಯೇ ಕಲಿತಿದ್ದೇನೆ. ಆ ಪ್ರಶ್ನೆಗೆ ಮಾತು ಹೊರಡಲಿಲ್ಲ. ಕ್ಯಾಮೆರಾ ಕೆಳಗೆ ಇಳಿಸು ಅಂದೆ.

ಅವಳಂಥವರನ್ನು ನೀವು ಪಾಪದವರು ಅಂತ ತೋರಿಸುತ್ತೀರಿ. ಈ ಊರಿನವರು ಜಗಳಗಂಟರು, ಒಳ್ಳೆಯ ಅರ್ಥದಲ್ಲಿ. 1989ರಲ್ಲಿ ಉಹುರು ಪಾರ್ಕಿನಲ್ಲಿ ಅರವತ್ತು ಮಹಡಿಯ ಕಟ್ಟಡ ಏಳಬೇಕಿತ್ತು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಪತ್ರದ ಮೇಲೆ ಪತ್ರ ಬರೆದು ತಡೆದರು. ಮುಕುರು ಅನ್ನುವ ದೊಡ್ಡ ಕೊಳೆಗೇರಿಯ ಜನ ತಮ್ಮ ಓಣಿ, ಚರಂಡಿ, ನೀರಿನ ಲೆಕ್ಕ ತಾವೇ ಮಾಡಿಟ್ಟುಕೊಂಡು ಪಟ್ಟು ಹಿಡಿದರು. 2017ರಲ್ಲಿ ನಗರದ ಆಡಳಿತ ಅದನ್ನು ವಿಶೇಷ ಯೋಜನಾ ಪ್ರದೇಶ ಅಂತ ಘೋಷಿಸಬೇಕಾಯಿತು. ಆಮೇಲಿನ ಪ್ಲಾನು ಮಾಡಲು ಆ ಓಣಿಗಳ ಜನರೇ ಕೂತರು. ನಿಮ್ಮ ಕ್ಯಾಮೆರಾಕ್ಕೆ ಇದು ಒಳ್ಳೆಯ ಸರಕು ಅಲ್ವಾ?

2024ರ ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಹೊಡೆದಾಗ ಮತಾರೆಯ ಹೊಳೆ ದಂಡೆಯ ಮನೆಗಳು ಕೊಚ್ಚಿಹೋದವು. ಜನ ಸತ್ತರು. ನೀರು ಇಳಿದ ಮೇಲೆ, ದಂಡೆಯಿಂದ 30 ಮೀಟರ್ ಒಳಗೆ ಯಾರೂ ಇರಕೂಡದು ಅಂತ ಸರ್ಕಾರ ಬುಲ್ಡೋಜರ್ ಕಳಿಸಿತು. ದಂಡೆ ಅಪಾಯ, ನಿಜ. ಆದರೆ ಅವರಿಗೆ ದಂಡೆಯೇ ಗತಿ ಆದದ್ದು ಹೇಗೆ ಅಂತ ಆ ವಾರ ಟೀವಿಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಫ್ಯಾಕ್ಟರಿಯ ವಾಚ್‌ಮನ್ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಅವನ ಚೀಲದಲ್ಲಿ ಮಗಳ ಶಾಲೆಯ ಒದ್ದೆ ಪುಸ್ತಕಗಳಿದ್ದವು. ಬಾಯ್ಲರ್ ರೂಮಿನಲ್ಲಿ ಒಂದೊಂದೇ ಹಾಳೆ ಬಿಡಿಸಿ ಒಣಹಾಕಿದ.

ಬರಬೇಡಿ ಅನ್ನುತ್ತಿಲ್ಲ. ಬನ್ನಿ. ಕಿಬೆರಾಕ್ಕೂ ಹೋಗಿ, ಮೊದಲು ಕೇಳಿ ಹೋಗಿ. ಸಿಂಹವನ್ನೂ ತೋರಿಸಿ. ಎಕ್ಸ್‌ಪ್ರೆಸ್‌ವೇ ತೋರಿಸುವಾಗ ಅದರ ಕೆಳಗೂ ಒಮ್ಮೆ ಇಳಿಯಿರಿ. 27 ಕಿಲೋಮೀಟರ್ ಉದ್ದಕ್ಕೂ ಟೋಲ್ ಕಟ್ಟಲಾಗದವರು ಮತಾತು ಅನ್ನುವ ಸಣ್ಣ ಬಸ್ಸಿನಲ್ಲಿ ಕೂತು, ಅದಕ್ಕೂ ಕಾಸು ಇಲ್ಲದವರು ನಡೆದು, ಬೆಳಿಗ್ಗೆ ಐದೂವರೆಗೇ ಕೆಲಸಕ್ಕೆ ಹೊರಟಿರುತ್ತಾರೆ. ಇಂಡಸ್ಟ್ರಿಯಲ್ ಏರಿಯಾ ಕಡೆ ನಡೆದು ಬರುವ ಆ ಸಾಲು ನೋಡಿದರೆ ಈ ಊರು ಯಾರ ಕಾಲ ಮೇಲೆ ನಿಂತಿದೆ ಅಂತ ತಿಳಿಯುತ್ತದೆ.

ನನಗೆ ಭಾನುವಾರ ರಜೆ. ಮುಂಚೆ ಒಂದು ಮೆಸೇಜ್ ಹಾಕಿದರೆ ರೈಲ್ವೆ ಸ್ಟೇಷನ್ನಿನ ಮುಂದೆ ನಿಂತಿರುತ್ತೇನೆ. ಲಾಂಧೀಸ್ ರೋಡ್ ಹಿಡಿದು ಮುತುರ್ವಾ, ಅಲ್ಲಿಂದ ಕಲೋಲೆನಿಯ ಹಾಲ್‌ವರೆಗೆ ನಡೆಯೋಣ. ದಾರಿಯಲ್ಲಿ ಬಿಸಿ ಚಪಾತಿ, ಬೀನ್ಸ್ ಪಲ್ಯ ಮಾಡಿಕೊಡುವ ಒಬ್ಬ ಅಮ್ಮ ಇದ್ದಾಳೆ, ಅವಳ ಹತ್ತಿರ ತಿನ್ನೋಣ. ಬರುವಾಗ ಅರ್ಧ ಕೆಜಿ ಶೇಂಗಾ ಹಿಂಡಿ (ಚಟ್ನಿಪುಡಿ) ತನ್ನಿ. ಇಲ್ಲಿ ಎಲ್ಲ ಸಿಗುತ್ತದೆ, ಅದೊಂದು ಸಿಗುವುದಿಲ್ಲ.

ಇತಿ ನಿಮ್ಮವನು,
ಪಾರ್ಕ್‌ಲ್ಯಾಂಡ್ಸ್‌ನ ಒಬ್ಬ ಹುಬ್ಬಳ್ಳಿಯವ